ಹಾಥರ್‌ಕೋಂಬ್ ದೊಡ್ಡಮನೆಯ ಮಹಡಿ ಮತ್ತು ಉಳುವ ಹೆಬ್ಬಾತು

ಹಾಥರ್‌ಕೋಂಬ್ ದೊಡ್ಡಮನೆಯ ಮಹಡಿ ಕೋಣೆಯನ್ನು ಕಟ್ಟಿಸಿದವರು ನಮ್ಮ ಒಡೆಯರಾದ ಸರ್ ಫುಲ್ಕ್ ಎಂದು ಪಾದ್ರಿಗಳು ಬಂದವರಿಗೆಲ್ಲ ಹೇಳುತ್ತಾರೆ. ಇದು ತಪ್ಪು. ಅದನ್ನು ಕಟ್ಟಿಸಿದ್ದು ಒಂದು ಗಂಡು ಹೆಬ್ಬಾತು. ಸರ್ ಫುಲ್ಕ್ ಮರ ಒದಗಿಸಿದರು, ಅಷ್ಟೇ.

ಈ ಚರಿತ್ರೆಯನ್ನು ಹೇಳಲು ನನಗಿಂತ ಯೋಗ್ಯನಾದವನು ಈ ಸೀಮೆಯಲ್ಲಿಲ್ಲ. ಆಗ ಒಡೆಯರ ನ್ಯಾಯಸಭೆಯಲ್ಲಿ ಪಂಚರ ಮುಖಂಡನಾಗಿದ್ದವನು ನಾನೇ, ಹಾಬ್. ದನದ ಹಲ್ಲು ನೋಡಿ ವಯಸ್ಸು ಹೇಳುವವರು ಬೀದಿಗೊಬ್ಬರಿದ್ದಾರೆ. ನಾನು ಬಾಲ ನೋಡಿ ಹೇಳುತ್ತೇನೆ. ಎಂದಾದರೂ ತಪ್ಪಿದ್ದರೆ ಅದು ದನದ ತಪ್ಪು.

ಆ ವರ್ಷ ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಹ್ಯಾಮೊ ತೀರಿಕೊಂಡ. ನಮ್ಮಲ್ಲಿ ಒಕ್ಕಲು ಸತ್ತರೆ ಆತ್ಮ ದೇವರಿಗೆ, ದೇಹ ಚರ್ಚಿನ ಅಂಗಳಕ್ಕೆ, ಕೊಟ್ಟಿಗೆಯಲ್ಲಿರುವ ಅತ್ಯುತ್ತಮ ಪ್ರಾಣಿ ಒಡೆಯರಿಗೆ. ದುಃಖದಲ್ಲಿರುವ ಮನೆಗೆ ಮೇವಿನ ಚಿಂತೆಯಾದರೂ ಕಡಿಮೆಯಾಗಲಿ ಎಂಬ ಕರುಣೆಯಿಂದ ಒಡೆಯರ ಹಿರಿಯರು ಮಾಡಿದ ಏರ್ಪಾಡು ಇದು.

ಹ್ಯಾಮೊನ ಹೆಂಡತಿ ಆವಿಸ್ ಬಳಿ ಇದ್ದದ್ದು ಒಂದು ಎತ್ತು, ಒಂದು ಮುದಿ ಹಂದಿ, ಒಂದು ಗಂಡು ಹೆಬ್ಬಾತು. ನಮ್ಮೂರಿನ ನೇಗಿಲಿಗೆ ಎಂಟು ಎತ್ತು ಬೇಕು, ಎಂಟು ಎತ್ತು ಯಾರ ಮನೆಯಲ್ಲೂ ಇಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ತಂದು ಕಟ್ಟುತ್ತೇವೆ. ಎತ್ತು ತಾರದವರ ಹೊಲವನ್ನು ನೇಗಿಲು ಮುಟ್ಟುವುದಿಲ್ಲ. ನೇಗಿಲು ಮುಟ್ಟದ ಹೊಲ ಮುಂದಿನ ಸಭೆಯಲ್ಲಿ ಬೇರೆಯವರ ಪಾಲು. ಆವಿಸ್ ನನ್ನ ಬಾಗಿಲಿಗೆ ಬಂದು ನಿಂತಳು.

"ಹಾಬ್ ಮಾವ, ಎತ್ತು ಹೋದ್ರೆ ಹೊಲ ಹೋಯ್ತು. ಹೊಲ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ?"

"ಅಳಬೇಡ ಮಗಳೇ. ಪಂಚರ ಮುಖಂಡ ಯಾರು ಹೇಳು?"

"ನೀವೇ."

"ಮತ್ತೆ?"

"ಅದಕ್ಕೇ ಅಳು ಬರ್ತಿರೋದು ಮಾವ."

ದುಃಖದಲ್ಲಿರುವವರ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಆದರೆ ನನ್ನ ಪ್ರತಿಭೆಗೆ ಆ ವರ್ಷ ಆಡಳಿತದ ನೆರವೂ ಸಿಕ್ಕಿತು. ಹಿಂದಿನ ವರ್ಷ ಒಡೆಯರ ಪಾರುಪತ್ಯಗಾರ ಓಡೊ ಸಾಹೇಬರು ಸತ್ತವನೊಬ್ಬನ ಮನೆಯಿಂದ ಭಾರಿ ಗೂಳಿಯೊಂದನ್ನು ಮೆರವಣಿಗೆಯಲ್ಲಿ ಹೊಡೆದುಕೊಂಡು ಬಂದಿದ್ದರು. ಗೂಳಿ ದೊಡ್ಡಮನೆಯ ಅಂಗಳ ತಲುಪಿ, ಸರ್ ಫುಲ್ಕ್ ಅವರ ಮುಖ ನೋಡಿ, ಅಲ್ಲೇ ಬಿದ್ದು ಪ್ರಾಣಬಿಟ್ಟಿತು. ಇಂಥದ್ದು ಮರುಕಳಿಸಬಾರದೆಂದು ಓಡೊ ಸಾಹೇಬರು ಚಳಿಗಾಲವಿಡೀ ಕೂತು ಒಂದು ನಿಯಮ ರಚಿಸಿದರು. ಸರ್ ಫುಲ್ಕ್ ಅದಕ್ಕೆ ಮುದ್ರೆ ಒತ್ತಿದರು. ಅದನ್ನು ಸಭೆಯಲ್ಲಿ ಹೀಗೆ ಸಾರಲಾಯಿತು:

"ಇನ್ನು ಮುಂದೆ ಅತ್ಯುತ್ತಮ ಪ್ರಾಣಿ ಎಂದರೆ ಗಾತ್ರದಲ್ಲಿ ದೊಡ್ಡದೆಂದು ತಿಳಿಯತಕ್ಕದ್ದಲ್ಲ. ಎಚ್ಚರ, ಧೈರ್ಯ, ಆರೋಗ್ಯ ಹಾಗೂ ಮನೆಯ ಮೇಲಿನ ನಿಷ್ಠೆಗಳಲ್ಲಿ ಯಾವುದು ಮಿಗಿಲೋ ಅದೇ ಅತ್ಯುತ್ತಮ. ಪಂಚರು ಪ್ರಮಾಣ ಮಾಡಿ ಹೇಳಿದ್ದೇ ಅಂತಿಮ. ಅಂತಿಮವಾದದ್ದನ್ನು ಪ್ರಶ್ನಿಸಿದವನು ಯಾರೇ ಆಗಿರಲಿ, ತನ್ನ ತಪ್ಪನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಂಡು ದಂಡ ತೆರತಕ್ಕದ್ದು."

ನಿಯಮವನ್ನು ನಾವು ಅಕ್ಷರಶಃ ಪಾಲಿಸಿದೆವು. ಪಂಚರೆಲ್ಲ ಆವಿಸಳ ಅಂಗಳಕ್ಕೆ ಹೋದೆವು. ಎತ್ತು ಮಲಗಿತ್ತು, ನಾವು ಕೆಮ್ಮಿದರೂ ಏಳಲಿಲ್ಲ. ಎಚ್ಚರ ಇಲ್ಲವೆಂದು ನಿರ್ಣಯಿಸಿದೆವು. ಹಂದಿ ನಮ್ಮನ್ನು ಕಂಡು ಓಡಿತು. ಧೈರ್ಯ ಇಲ್ಲ. ಹೆಬ್ಬಾತು ಮಾತ್ರ ಬೇಲಿಯ ಬಳಿಯೇ ನಮ್ಮನ್ನು ತಡೆದು, ಪಂಚರಲ್ಲೊಬ್ಬನಾದ ಗಿರಣಿಯ ಸಿಮ್‌ಕಿನ್‌ನ ತೊಡೆ ಕಚ್ಚಿ, ಅವನನ್ನು ಹಳ್ಳದವರೆಗೆ ಅಟ್ಟಿಕೊಂಡು ಹೋಗಿ, ಮೈಗೊಂದು ಕೊಳೆ ಅಂಟದಂತೆ ವಾಪಸು ಬಂದು ಮೊದಲಿನ ಜಾಗದಲ್ಲೇ ನಿಂತಿತು.

"ನಿಷ್ಠೆ ಅಂದ್ರೆ ಇದಪ್ಪಾ," ಎಂದೆ.

"ನಿಷ್ಠೆ ನಿಂಗೆ, ಗಾಯ ನಂಗೆ," ಎಂದ ಸಿಮ್‌ಕಿನ್, ಹಳ್ಳದೊಳಗಿಂದ. ಆದರೂ ಪ್ರಮಾಣ ಮಾಡಿದ. ಅವನ ಸಾಕ್ಷಿಗಿಂತ ಗಟ್ಟಿಯಾದ ಸಾಕ್ಷಿ ಬೇರೆ ಯಾರಲ್ಲೂ ಇರಲಿಲ್ಲ.

ಸಭೆ ದೊಡ್ಡಮನೆಯ ಹಜಾರದಲ್ಲಿ ಕೂಡಿತು. ಆಗ ಆ ಮನೆಗೆ ಇದ್ದದ್ದು ಆ ಒಂದೇ ಹಜಾರ. ನಡುವೆ ಒಲೆ, ಒಲೆಯ ಪಕ್ಕ ಒಡೆಯರ ಪೀಠ. ನ್ಯಾಯ, ಊಟ, ನಿದ್ದೆ ಎಲ್ಲವೂ ಅದೇ ಹೊಗೆಯಲ್ಲಿ. ನಾನು ಎದ್ದು ತೀರ್ಪು ಹೇಳಿದೆ. ಸರ್ ಫುಲ್ಕ್ ಕಿವಿಗೆ ಕೈ ಇಟ್ಟುಕೊಂಡರು.

"ಏನಂದೆ?"

"ಹೆಬ್ಬಾತು, ಬುದ್ಧಿ."

"ಎತ್ತಿಗಿಂತ ಹೆಬ್ಬಾತು ಮೇಲೇನೋ?"

"ತಮ್ಮ ನಿಯಮದ ಪ್ರಕಾರ, ಬಹಳ ಮೇಲೆ."

ಒಡೆಯರು ಓಡೊ ಸಾಹೇಬರನ್ನು ನೋಡಿದರು. ಓಡೊ ಸಾಹೇಬರು ಚಾವಣಿ ನೋಡಿದರು. ಆ ನಿಯಮ ಎಷ್ಟು ಸೊಗಸಾಗಿದೆಯೆಂದು ಆಗಲೇ ಅವರು ಅರ್ಲ್ ಪ್ರಭುಗಳ ಅರಮನೆಯಲ್ಲಿ ಕೊಚ್ಚಿಕೊಂಡು ಬಂದಿದ್ದರು.

"ಅಂಗೀಕಾರವಾಗಿದೆ," ಎಂದರು ಓಡೊ ಸಾಹೇಬರು.

ಹೆಬ್ಬಾತನ್ನು ವಿಧಿಪೂರ್ವಕವಾಗಿ ಹಜಾರಕ್ಕೆ ತಂದು ಬಿಡಲಾಯಿತು. ಅದು ಒಲೆಯ ಸುತ್ತ ಒಂದು ಸುತ್ತು ಬಂದು, ಒಡೆಯರ ಪೀಠದ ಮೇಲೆ ಹತ್ತಿ ಕೂತಿತು. ಒಡೆಯರು ಇಳಿಸಲು ಹೋದರು. ಅದು ತನ್ನ ಧೈರ್ಯವನ್ನು ಇನ್ನೊಮ್ಮೆ ರುಜುವಾತುಪಡಿಸಿತು. ಅಂದಿನಿಂದ ಒಡೆಯರು ಬಾಗಿಲ ಬಳಿ, ಗಾಳಿ ಬೀಸುವ ಕಡೆ, ನಾಯಿಗಳ ಜೊತೆ ಊಟ ಮಾಡತೊಡಗಿದರು. ನಾಯಿಗಳೂ ಮೊದಲು ಒಲೆಯ ಬಳಿಯೇ ಇದ್ದವು.

"ಓಡೊ, ಇದನ್ನ ಇಲ್ಲಿಂದ ಸಾಗಹಾಕ್ರೀ."

"ಸಾಗಹಾಕಿದ್ರೆ ತೀರ್ಪನ್ನ ಪ್ರಶ್ನಿಸಿದ ಹಾಗಾಗುತ್ತೆ ಬುದ್ಧಿ. ದಂಡ ಬೀಳುತ್ತೆ."

"ದಂಡ ಯಾರಿಗೆ ಕೊಡಬೇಕು?"

"ತಮಗೇ."

"ಸರಿ ಮತ್ತೆ, ನಂಗೆ ನಾನೇ ಕೊಟ್ಕೋತೀನಿ!"

"ತಪ್ಪನ್ನೂ ಒಪ್ಕೋಬೇಕು. ತುಂಬಿದ ಸಭೇಲಿ. ಹಾಬ್‌ನ ಮುಂದೆ."

ಸರ್ ಫುಲ್ಕ್ ಬಹಳ ಹೊತ್ತು ಯೋಚಿಸಿ ಬಡಗಿಗಳನ್ನು ಕರೆಸಿದರು. ಹಜಾರದ ತುದಿಗೆ ಮಹಡಿ ಎದ್ದಿತು, ಮಹಡಿಗೆ ಕಡಿದಾದ ಮೆಟ್ಟಿಲು, ಮೆಟ್ಟಿಲಿಗೆ ಗಟ್ಟಿ ಬಾಗಿಲು. ಒಡೆಯರು ಸಂಸಾರ ಸಮೇತ ಮೇಲೆ ಹೋದರು. ದೊಡ್ಡ ಮನೆತನದವರು ಈಗ ಮಹಡಿಯಲ್ಲೇ ಇರುವುದು ಎಂದು ಒಡತಿಯವರು ಹೇಳಿಕೊಂಡರು. ಮುಂದಿನ ವರ್ಷವೇ ಸುತ್ತಲಿನ ದೊಡ್ಡಮನೆಗಳಲ್ಲೆಲ್ಲ ಮಹಡಿಗಳೆದ್ದವು. ಅಲ್ಲಿ ಹೆಬ್ಬಾತುಗಳಿರಲಿಲ್ಲ. ನೋಡಿ ಕಟ್ಟುವವರಿಗೆ ಕಾರಣ ಬೇಕಿಲ್ಲ.

ಇತ್ತ ನಮ್ಮ ಮಹಡಿಯ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ ಮೈಕಲ್ ಸಂತನ ಹಬ್ಬ ಬಂತು. ಆ ದಿನ ಇಂಗ್ಲೆಂಡಿನ ಒಲೆ ಒಲೆಯಲ್ಲೂ ಹೆಬ್ಬಾತು ಬೇಯುತ್ತದೆ. ಅಡಿಗೆಯವನು ಕತ್ತಿ ಮಸೆದುಕೊಂಡು ಹಜಾರಕ್ಕೆ ಬಂದ. ಓಡೊ ಸಾಹೇಬರು ಅವನನ್ನು ತಡೆದರು: ಸತ್ತವನ ಮನೆಯಿಂದ ಬಂದ ಅತ್ಯುತ್ತಮ ಪ್ರಾಣಿ ಒಡೆಯರ ಉಳುಮೆಯ ಪ್ರಾಣಿ, ಉಳುಮೆಯ ಪ್ರಾಣಿಯನ್ನು ಕೊಲ್ಲುವುದು ಅಪರಾಧ. ಆ ದಿನ ದೊಡ್ಡಮನೆಯಲ್ಲಿ ಒಣ ಮೀನು ಬಡಿಸಲಾಯಿತು. ಹೆಬ್ಬಾತು ಪೀಠದಿಂದಲೇ ಎಲ್ಲರ ಊಟವನ್ನು ಪರಿಶೀಲಿಸಿತು.

ಈ ಮಾತಿನಿಂದ ಸರ್ ಫುಲ್ಕ್ ಅವರಿಗೆ ಒಂದು ಉಪಾಯ ಹೊಳೆಯಿತು. "ಉಳುಮೆಯ ಪ್ರಾಣಿ ಅಂತೀರಲ್ಲ, ಹಾಗಾದ್ರೆ ಉಳಲಿ! ಉಳದಿದ್ರೆ ಆ ವಿಧವೆಯ ಎತ್ತನ್ನ ಎಳ್ಕೊಂಡು ಬನ್ನಿ."

ಆವಿಸ್ ಮತ್ತೆ ನನ್ನ ಬಾಗಿಲಿಗೆ ಬಂದಳು. ಈ ಸಲ ಅವಳು ಅಳಲಿಲ್ಲ. ಸೌಟು ಹಿಡಿದುಕೊಂಡು ಬಂದಿದ್ದಳು.

"ಮಾವ, ನಿಮ್ಮ ಬುದ್ಧಿವಂತಿಕೆ ಇನ್ನೂ ಸ್ವಲ್ಪ ಉಳಿದಿದೆಯಾ, ಎಲ್ಲಾ ಖರ್ಚಾಯ್ತಾ?"

ಉಳಿದಿತ್ತು. ಉಳುಮೆ ಶುರುವಾಗುವ ದಿನ ಇಡೀ ಊರು ಒಡೆಯರ ಹೊಲದಲ್ಲಿ ನೆರೆಯಿತು. ಹೆಬ್ಬಾತಿಗೆ ಸಿಮ್‌ಕಿನ್ ಪುಟ್ಟದೊಂದು ನೊಗ ಕೆತ್ತಿ ತಂದಿದ್ದ. ಕೊರಳಿಗೆ ತೊಡಿಸುವ ಕೆಲಸ ಮಾತ್ರ ತನ್ನದಲ್ಲವೆಂದು ದೂರ ನಿಂತ. ನಾನು ತೊಡಿಸಿದೆ. ಬೆರಳುಗಳು ಈಗ ಬಹುಮಟ್ಟಿಗೆ ಸರಿಯಾಗಿವೆ.

ನಾನು ಓಡೊ ಸಾಹೇಬರಿಗೆ ಕೈಮುಗಿದು ಅರಿಕೆ ಮಾಡಿದೆ: "ಸ್ವಾಮಿ, ಒಂಟಿ ಪ್ರಾಣಿ ನೇಗಿಲು ಎಳೆಯೋದು ಈ ಸೀಮೆಯ ಪದ್ಧತಿಯಲ್ಲ. ಎಂಟು ಎತ್ತಿರುವ ಕಡೆಯೂ ಒಂದು ಮುಂದಾಳು, ಉಳಿದವು ಹಿಂಬಾಲಕರು. ಈ ಅತ್ಯುತ್ತಮ ಪ್ರಾಣಿಗೂ ಸಹಾಯಕರನ್ನ ಮಂಜೂರು ಮಾಡಬೇಕು."

ಮಂಜೂರು ಎಂಬ ಮಾತು ಕೇಳಿದರೆ ಓಡೊ ಸಾಹೇಬರಿಗೆ ಇಲ್ಲ ಎನ್ನಲು ಬಾಯಿ ಬಾರದು. "ಎಷ್ಟು ಮಂದಿ?"

"ಎಂಟು. ಅದರಲ್ಲಿ ಆವಿಸಳ ಎತ್ತು ಒಂದು. ಹೆಬ್ಬಾತಿಗೆ ಅದರ ಪರಿಚಯ ಇದೆ. ಬೇರೆಯವರ ಮಾತು ಕೇಳಲ್ಲ."

"ಮಂಜೂರು. ಸಹಾಯಕರಿಗೆ ಭತ್ಯೆ?"

"ದೊಡ್ಡಮನೆಯ ಹುಲ್ಲು, ಸ್ವಾಮಿ. ಒಡೆಯರ ಕೆಲಸಕ್ಕೆ ಬಂದವರು ಹಸಿದು ಹೋದ್ರೆ ಒಡೆಯರಿಗೇ ಅವಮಾನ."

ಹೆಬ್ಬಾತು ಮುಂದೆ ಹೊರಟಿತು. ಹಿಂದೆ ಎಂಟು ಎತ್ತು, ಅವುಗಳ ಹಿಂದೆ ನೇಗಿಲು. ಹಿಂದಿನಿಂದ ಎಂಟು ಎತ್ತು ಬರುತ್ತಿದ್ದರೆ ಯಾವ ಹೆಬ್ಬಾತಾದರೂ ನೇರವಾಗಿಯೇ ನಡೆಯುತ್ತದೆ. ಒಡೆಯರ ಹೊಲ ಮುಗಿಯಿತು. ಸಹಾಯಕರನ್ನು ಮಂಜೂರು ಮಾಡಿದ ಆಜ್ಞೆಯಲ್ಲಿ "ಉಳುಮೆ ಮುಗಿಯುವವರೆಗೆ" ಎಂದಿತ್ತು, ಯಾರ ಉಳುಮೆ ಎಂದಿರಲಿಲ್ಲ. ಹಾಗಾಗಿ ತಂಡ ನಿಲ್ಲದೆ ಊರವರ ಹೊಲಗಳಿಗೂ ಹೋಗಿ, ಆವಿಸಳ ಪಾಲನ್ನೂ ಉತ್ತು ಬಂತು, ಒಡೆಯರ ಹುಲ್ಲು ತಿನ್ನುತ್ತಲೇ.

ಮೊದಲ ದಿನ, ಸರ್ ಫುಲ್ಕ್ ಅವರ ಎದುರಿಗೇ ಅವರ ಹೊಲದ ಉಳುಮೆ ನಡೆಯುತ್ತಿದ್ದಾಗ, ಪಕ್ಕದ ಊರಿನ ಒಡೆಯ ಸರ್ ರೇನಾಲ್ಡ್ ಕುದುರೆಯ ಮೇಲೆ ಬಂದವರು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಸರ್ ಫುಲ್ಕ್ ಅವರ ಮುಖ ಕೆಂಪಗಾಯಿತು. ಸರ್ ರೇನಾಲ್ಡ್ ಒಮ್ಮೆ ನಕ್ಕರೆ ಆವಿಸಳ ಎತ್ತಿನ ಕಥೆ ಮುಗಿಯುತ್ತಿತ್ತು.

"ಫುಲ್ಕ್, ಅದೇನು ಮುಂದೆ ಹೋಗ್ತಿರೋದು?"

"ನನ್ನ ಉಳುಮೆಯ ಹೆಬ್ಬಾತು."

"ಹಿಂದಿರೋ ಎತ್ತುಗಳು?"

ಸರ್ ಫುಲ್ಕ್ ಓಡೊ ಸಾಹೇಬರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಎದೆ ಉಬ್ಬಿಸಿ ಹೇಳಿದರು: "ಅವು ಸಹಾಯಕರು."

ಸರ್ ರೇನಾಲ್ಡ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಮ್ಮಲ್ಲಿ ಇನ್ನೂ ಹಳೇ ಪದ್ಧತಿ ನೋಡಿ," ಎಂದರು ಸಂಕೋಚದಿಂದ, "ಬರೀ ಎತ್ತಲ್ಲೇ ಉಳ್ತಾ ಇದ್ದೀವಿ."

ಅಂದಿನಿಂದ ಹೆಬ್ಬಾತಿನ ಬಗ್ಗೆ ಸರ್ ಫುಲ್ಕ್ ಅವರಿಗೆ ಯಾವ ತಕರಾರೂ ಉಳಿಯಲಿಲ್ಲ. ವಸಂತದ ಸಭೆಯಲ್ಲಿ ಆವಿಸಳ ಹೊಲವನ್ನು ಅವಳ ಹೆಸರಿಗೇ ಸ್ಥಿರಪಡಿಸಿದರು. ಇಂಥ ಪ್ರಾಣಿಯನ್ನು ಸಾಕಿದ ಮನೆಯನ್ನು ಒಕ್ಕಲೆಬ್ಬಿಸುವುದು ಸಂಸ್ಥಾನಕ್ಕೆ ನಷ್ಟ ಎಂದರು. ಎತ್ತು ಅವಳ ಕೊಟ್ಟಿಗೆಯಲ್ಲೇ ಮಲಗಿದೆ, ನಾವು ಕೆಮ್ಮಿದರೆ ಈಗಲೂ ಏಳುವುದಿಲ್ಲ.

ಹೆಬ್ಬಾತು ಉಳುತ್ತದೆಯೇ ಎಂದು ಅನುಮಾನ ಪಡುವವರು ಇನ್ನೂ ಕೆಲವರಿದ್ದಾರೆ. ಅವರು ಬಂದು ಹಾಥರ್‌ಕೋಂಬಿನ ಸಾಲುಗಳನ್ನು ನೋಡಲಿ. ಎತ್ತು ಉತ್ತ ಸಾಲು ಅಷ್ಟು ನೆಟ್ಟಗೆ ಇರುವುದಿಲ್ಲ.