ದೊಡ್ಡವ್ವನ ಎಲುಬಿನೊಳಗಿನ ನೀರು

ಕುಬಿಹಾಳದ ಅರ್ಧ ಊರು ಚಳಿಗಾಲದಲ್ಲಿ ಬೆಚ್ಚಗೆ ಮಲಗುವುದು ನಮ್ಮ ದೊಡ್ಡವ್ವನ ಬಲ ಮೊಣಕಾಲಿನ ದಯೆಯಿಂದ ಎಂದರೆ ನಂಬುತ್ತೀರಾ? ಹಳೆಯ ಸೀರೆಗಳನ್ನು ಪದರ ಪದರವಾಗಿ ನೆಲಕ್ಕೆ ಹಾಸಿ, ಅವು ಸರಿಯದಂತೆ ಮೇಲೆ ಮೊಣಕಾಲೂರಿ, ಬೆಳಗಿನಿಂದ ಸಂಜೆಯವರೆಗೆ ಕೌದಿ ಹೊಲಿಯುವವಳು ಅವಳು. ಮನೆಗೆ ಬಂದ ಬೀಗತಿಯರು, ಉಟ್ಟ ಸೀರೆಯೂ ಕೌದಿಗೆ ಹೋದೀತೆಂದು, ತಮ್ಮ ಸೆರಗನ್ನು ಭದ್ರವಾಗಿ ಹಿಡಿದೇ ಕೂರುತ್ತಾರೆ!

ಆ ಮೊಣಕಾಲು ಊರಲಾಗದಷ್ಟು ನೋಯತೊಡಗಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ನಾ ಹೇಳಿದ್ದಿಲ್ಲೇನು, ಏನೂ ಆಗಿಲ್ಲಂತ!" ಎಂದು ಎದ್ದೇಬಿಟ್ಟಳು. ಹುಬ್ಬಳ್ಳಿಯ ಡಾಕ್ಟರು ಬಿಡದೆ ಎಂಆರ್‌ಐ ಮಾಡಿಸಿದರು. ಎಲುಬಿನೊಳಗಿನ ಮಜ್ಜೆಯಲ್ಲಿ ನೀರು ತುಂಬಿ ಬಾವು ಬಂದಿತ್ತು.

"ಪೆಟ್ಟು ಬಿದ್ರೂ ಬರತೈತ್ರಿ, ಸಂಧಿವಾತದಿಂದನೂ ಬರತೈತಿ, ರಕ್ತ ಸರಿಯಾಗಿ ಹರೀದಿದ್ರೂ ಬರತೈತಿ. ನಿಮಗ ಇಷ್ಟು ವರ್ಷ ಭಾರ ಹಾಕಿ ಹಾಕಿ ಬಂದೈತಿ," ಎಂದರು ಡಾಕ್ಟರು.

"ನೀರ್ ತುಂಬೈತಿ ಅಂದ್ರ ಒಣಗಿಸಿದ್ರಾತು ತಗೋರಿ!" ಎಂದಳು ದೊಡ್ಡವ್ವ.

ಮರುದಿನ ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿಯ ನಡುವೆ ದೊಡ್ಡವ್ವನ ಮೊಣಕಾಲೂ ಒಣಗುತ್ತಿತ್ತು. ಕಾಯಿ ಹೊರಳಿಸಿದಾಗಲೆಲ್ಲ ಕಾಲನ್ನೂ ಹೊರಳಿಸುತ್ತಿದ್ದಳು! ಅಲ್ಲಿಗೆ ಏಣಿ ಹತ್ತಿ ಹೋಗಿದ್ದಳೆಂದು ಡಾಕ್ಟರಿಗೆ ಹೇಳುವ ಧೈರ್ಯ ಯಾರಿಗಿತ್ತು? ಅವರು ಕೊಟ್ಟ ಊರುಗೋಲಿನಿಂದ ಕೋಳಿ ಓಡಿಸಿದಳು, ನುಗ್ಗೆಕಾಯಿ ಉದುರಿಸಿದಳು. ಊರಿಕೊಂಡು ನಡೆಯುವುದೊಂದನ್ನು ಬಿಟ್ಟು ಅದರಿಂದ ಎಲ್ಲವೂ ಆಯಿತು.

ನೋವು ಹೆಚ್ಚಿ ಮತ್ತೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರು ನಗಲಿಲ್ಲ. "ಅವ್ವಾರ, ಭಾರ ಬೀಳದಿದ್ರ ಈ ಬಾವು ನಿಧಾನಕ್ಕ ಇಳೀತೈತಿ. ಹಿಂಗ ಮಾಡಿದ್ರ ಒಳಗಿನ ಎಲುಬು ಕುಸೀಬಹುದು. ಆಮ್ಯಾಲ ನೆಲದ ಮ್ಯಾಲ ಕೂಡೂದ ಇಲ್ಲ, ಕೌದಿನೂ ಇಲ್ಲ."

ಅಂದಿನಿಂದ ದೊಡ್ಡವ್ವನ ಆ ಕಾಲು ನೆಲ ಮುಟ್ಟಲಿಲ್ಲ. ಒಂದು ಗಳಿಗೆ ಸುಮ್ಮನಿರದವಳು ವಾರಗಟ್ಟಲೆ ಕುರ್ಚಿಯಲ್ಲಿ! ನನ್ನ ದಿನಚರಿಯಲ್ಲಿ ಪುಟಪುಟಕ್ಕೂ ಒಂದೇ ಸಾಲು: 'ಇವತ್ತೂ ಮುಟ್ಟಲಿಲ್ಲ.' ಗುಳಿಗೆಯೂ ತಪ್ಪಲಿಲ್ಲ. ಕೌದಿ ಮಾತ್ರ ನಿಲ್ಲಲಿಲ್ಲ. ಓಣಿಯ ಹೆಂಗಸರನ್ನು ಕೂಡಿಸಿ ಹೊಲಿಸಿದಳು.

"ಲೇ, ಮೊಣಕಾಲು ತಗೀ! ಮೂಲಿಗೆ ಕಲ್ಲಿಡು. ನನ್ನಂಗ ಆಗಬೇಕಂತ ಮಾಡೀ ಏನು?"

ಈಗ ನಮ್ಮ ಓಣಿಯಲ್ಲಿ ಕೌದಿಯ ಮೇಲೆ ಮೊಣಕಾಲೂರುವವರು ಯಾರೂ ಇಲ್ಲ. ತಲೆಮಾರುಗಳ ರೂಢಿಯನ್ನು ಒಬ್ಬಳು ಕುರ್ಚಿಯಲ್ಲಿ ಕೂತೇ ಬದಲಿಸಿದಳಲ್ಲ!

ಕೊನೆಗೆ ಮತ್ತೊಮ್ಮೆ ಸ್ಕ್ಯಾನ್ ನೋಡಿ, "ನೀರು ಆರೈತ್ರಿ. ಇನ್ನ ಕಾಲು ಊರ್ರಿ," ಎಂದರು ಡಾಕ್ಟರು.

ಅವಳು ಊರಲಿಲ್ಲ. ಅಂಗಾಲು ನೆಲದಿಂದ ಬೆರಳಷ್ಟು ಮೇಲೆಯೇ ನಿಂತಿತು.

"ಕುಸಿದ್ರ?" ಎಂದಳು ನನ್ನನ್ನು ನೋಡಿ. ಅಷ್ಟು ಸಣ್ಣ ದನಿಯನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಎರಡೂ ಕೈ ಚಾಚಿದೆ. ಹೆಜ್ಜೆ ಕಲಿಯುವ ಕೂಸಿನಂತೆ ಗಟ್ಟಿಯಾಗಿ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವಳ ಬೆರಳುಗಳು ತಣ್ಣಗಿದ್ದವು.

"ಬಿಡಬ್ಯಾಡ ಬೇ."

"ಇಲ್ಲ ದೊಡ್ಡವ್ವ."

ಅವಳು ಕಣ್ಣು ಮುಚ್ಚಿ ಕಾಲೂರಿದಳು.