ಜಿನರಾಜಣ್ಣನ ಪಡುಬದಿಯ ಹೆಗಲು

ಎಡ ಯಾವುದು, ಬಲ ಯಾವುದು ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ತರ್ಕದ ಪ್ರಶ್ನೆ. ತರ್ಕ ನನ್ನ ಇಲಾಖೆ! ಕಾಲೇಜು ದಿನಗಳಲ್ಲಿ ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಚರ್ಚಾಸ್ಪರ್ಧೆಯ ಹೆಸರಿನಲ್ಲಿ ನಾನು ಹತ್ತದ ವೇದಿಕೆಯಿಲ್ಲ. ವಿಷಯದ ಪರವಾಗಿ ಮಾತಾಡಿ ಕಪ್ ಗೆದ್ದು, ವಾಪಸು ಬರುವಾಗ ಅದೇ ವಿಷಯದ ವಿರುದ್ಧ ಮಾತಾಡಿ ಬಸ್ಸಿನ ಕಂಡಕ್ಟರನನ್ನೂ ಸೋಲಿಸಿದವನು. ಇಂಥವನನ್ನು ಮದುವೆಯಾದ ಅಶ್ವಿನಿ ಫಿಸಿಯೋಥೆರಪಿಸ್ಟ್. ಅವಳ ತಾಳ್ಮೆಗೆ ಬೇರೆ ಪುರಾವೆ ಬೇಡ.

ಅವಳಿಗೊಂದು ಆಸೆಯಿತ್ತು. ವಾಮದಪದವಿನ ಸುತ್ತಮುತ್ತಲ ಮಂಡಿನೋವಿನವರು, ಹೆಗಲು ಹಿಡಿದವರು ಬಂಟ್ವಾಳದ ಅವಳ ಕ್ಲಿನಿಕ್ಕಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಇಲ್ಲಿ ಕಳೆದುಕೊಂಡ ನೋವನ್ನೆಲ್ಲ ಹೋಗುವಾಗ ಅದೇ ಬಸ್ಸಿನಲ್ಲಿ ಮರಳಿ ಪಡೆಯುತ್ತಿದ್ದರು. ವಾಮದಪದವಿನ ಸಭಾಭವನ ವಾರಕ್ಕೆರಡು ಸಂಜೆ ಸಿಕ್ಕಿಬಿಟ್ಟರೆ ವ್ಯಾಯಾಮದ ತರಗತಿಯನ್ನು ಅಲ್ಲೇ ನಡೆಸಬಹುದು. ಸಭಾಭವನ ಜಿನರಾಜಣ್ಣನವರದ್ದು. ನಾರಾವಿ ಕಡೆಯ ಹಳೆಯ ಜೈನ ಮನೆತನ, ಅಳೆದು ತೂಗಿ ಮಾತಾಡುವ ಹಿರಿಯರು. "ಒಂದು ದಿನ ಮಾಡಿ ತೋರಿಸಿ. ನೋಡುವ" ಎಂದಿದ್ದರು.

ಹಿಂದಿನ ದಿನ ಅಶ್ವಿನಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಕೈಗಳನ್ನು ಇಳಿಬಿಟ್ಟು, ಅಂಗೈಗಳನ್ನು ಮುಂದಕ್ಕೆ ತೋರಿಸಿ ಅಭ್ಯಾಸ ಮಾಡುತ್ತಿದ್ದಳು.

"ಇದೆಂಥ ನಿಲುವು? ಸೋಡಾ ಕೇಳಿದವನಿಗೆ ಅಂಗಡಿಯವ ಮುಗಿಯಿತು ಅಂತ ಕೈ ತೋರಿಸಿದ ಹಾಗೆ!"

"ಇದು ಅನಾಟಮಿಕಲ್ ಪೊಸಿಷನ್. ದೇಹದ ದಿಕ್ಕುಗಳ ಹೆಸರೆಲ್ಲ ಇಲ್ಲಿಂದಲೇ ಶುರು."

"ಅಂಗೈ ಯಾಕೆ ಮುಂದಕ್ಕೆ? ಯಾರು ತೀರ್ಮಾನ ಮಾಡಿದ್ದು?"

"ಹೆಬ್ಬೆರಳು ಒಳಬದಿಗೋ ಹೊರಬದಿಗೋ ಅಂತ ನಿನ್ನಂಥವರು ಜಗಳಕ್ಕೆ ಬರ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ನೀನು ನಾಳೆ ಬರ್ಲೇಬೇಕಾ?"

"ವೇದಿಕೆ ನಿನಗೆ ಹೊಸತು. ನಾನು ಬರ್ತೇನೆ."

ಹೋದೆ. ಸಭಾಭವನದ ಬಡಗು ತುದಿಯಲ್ಲಿ, ಅಂದರೆ ಉತ್ತರಕ್ಕೆ, ವೇದಿಕೆ. ಜನ ಬಡಗು ಮುಖವಾಗಿ ಕುಳಿತಿದ್ದರು. ಮೊದಲ ಸಾಲಿನಲ್ಲಿ ಜಿನರಾಜಣ್ಣ. ಕುಶಲ ವಿಚಾರಿಸಿದ್ದಕ್ಕೆ, "ಪಡುಬದಿಯ ಹೆಗಲು ಎತ್ತಲಿಕ್ಕೇ ಆಗುವುದಿಲ್ಲ ಮಾರಾಯ" ಎಂದರು. ನಾನು ಮನಸ್ಸಿನಲ್ಲಿ ದಾಖಲಿಸಿಕೊಂಡೆ: ಪಡು, ಅಂದರೆ ಪಶ್ಚಿಮ.

ತರಗತಿ ಆರಂಭವಾಯಿತು. ಜನರಿಗೆ ಎದುರಾಗಿ ನಿಂತ ಅಶ್ವಿನಿ, "ಬಲಗೈಯನ್ನು ಪಕ್ಕಕ್ಕೆ ಎತ್ತುವ. ಮೈಯ ನಡುಗೆರೆಯಿಂದ ದೂರ ಹೋಗುವ ಈ ಚಲನೆಗೆ ಅಬ್ಡಕ್ಷನ್ ಅಂತ ಹೆಸರು" ಎಂದು ತನ್ನ ಬಲಗೈ ಎತ್ತಿದಳು. ಅರ್ಧ ಜನ ಬಲಗೈ ಎತ್ತಿದರು. ಉಳಿದರ್ಧ ಕನ್ನಡಿ ನೋಡಿದ ಹಾಗೆ ಎಡಗೈ ಎತ್ತಿದರು. ಎರಡನೇ ಸಾಲಿನ ಗುಲಾಬಿಯಕ್ಕನ ಕೈ ಪಕ್ಕದಲ್ಲಿದ್ದ ಬೇಬಿಯಕ್ಕನ ಕನ್ನಡಕ ಹಾರಿಸಿತು.

"ಕಣ್ಣು ಕಾಣುವುದಿಲ್ವಾ ನಿನಗೆ?"

"ಕಾಣದ್ದು ನಿನಗೆ ಮಾರಾಯ್ತಿ, ಕನ್ನಡಕ ಬಿದ್ದದ್ದು ನಿನ್ನದು!"

ಇದು ನನ್ನ ಗಳಿಗೆ. ಅಶ್ವಿನಿಯ ಕೈಯಿಂದ ಮೈಕ್ ಕಸಿದುಕೊಂಡೆ. "ಮಾನ್ಯರೇ! ಎಡ-ಬಲ ನಮ್ಮ ಕ್ರಮವೇ ಅಲ್ಲ. ಬಾವಿ ಎಲ್ಲಿ ಅಂದರೆ ಮನೆಯ ಮೂಡಕ್ಕೆ ಅನ್ನುತ್ತೇವೆ. ಊಟಕ್ಕೆ ಕೂತವನಿಗೂ ಸ್ವಲ್ಪ ತೆಂಕಕ್ಕೆ ಜರುಗು ಅನ್ನುತ್ತೇವೆ. ಸೂರ್ಯ ಹುಟ್ಟುವ ಕಡೆಯ ಬಗ್ಗೆ ಯಾರಿಗಾದರೂ ಸಂಶಯ ಉಂಟಾ? ಎಲ್ಲರೂ ಮೂಡು ಕೈ ಎತ್ತಿ!"

ಇಡೀ ಸಭೆ ಒಂದೇ ಕಡೆಗೆ ಕೈ ಎತ್ತಿತು! ಗದ್ದೆಯ ಪೈರು ಗಾಳಿಗೆ ವಾಲಿದ ಹಾಗೆ. ಚಪ್ಪಾಳೆ ಬಿತ್ತು. ಅಶ್ವಿನಿಯ ಕಡೆ ನೋಡಿದೆ. ಎದುರಾಳಿಯನ್ನು ಕ್ಷಮಿಸುವ ವಿಜೇತನ ನೋಟ. ಅವಳು ಮೈಕಿನ ಕಡೆ ಕೈ ಚಾಚಿದಳು. ನಾನು ಕೊಡಲಿಲ್ಲ.

ಮುಂದಿನದು ಚಾಪೆಯ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮ. ಮಲಗುವುದೇನೋ ಮಲಗಿದರು. ಆದರೆ ಬಡಗು ದಿಕ್ಕಿಗೆ ತಲೆ ಹಾಕಿ ಮಲಗಬಾರದಲ್ಲ? ಕೆಲವರು ತೆಂಕಿಗೆ ತಲೆಯಿಟ್ಟರು, ಕೆಲವರು ಮೂಡಕ್ಕೆ.

"ಮೂಡು ಕೈ ಎತ್ತಿ!" ಎಂದೆ.

ಗುಲಾಬಿಯಕ್ಕ ಮಲಗಿದಲ್ಲಿಂದಲೇ ಕೂಗಿದರು. "ನನಗೆ ಮೂಡು ಕೈ ಇಲ್ಲ! ಮೂಡಕ್ಕೆ ತಲೆ ಉಂಟು. ಎತ್ತಬೇಕಾ?"

"ಬೇಡ! ಎರಡೂ ಕೈ ಮೇಲಕ್ಕೆ ಎತ್ತಿ!"

ಅರ್ಧ ಕೈಗಳು ಹೆಂಚಿನ ಮಾಡಿನ ಕಡೆಗೆ ಎದ್ದವು, ಅರ್ಧ ತಲೆಯ ಕಡೆಗೆ ಹೋದವು. ತಲೆಯ ಕಡೆಗೆ ಹೋದ ಬೇಬಿಯಕ್ಕನ ಕೈ ಗುಲಾಬಿಯಕ್ಕನ ಜಡೆಗೆ ಸಿಕ್ಕಿತು. ಕನ್ನಡಕದ ಲೆಕ್ಕ ಚುಕ್ತಾ!

ಜಿನರಾಜಣ್ಣ ಎದ್ದು ನಿಂತು ವಾಚು ನೋಡಿಕೊಂಡರು. ಅಶ್ವಿನಿಯ ಮುಖ ಬಾಡಿತು. ಸಭಾಭವನ ಕೈತಪ್ಪುತ್ತಿದೆ! ವಾದ ಸೋಲುವಾಗ ನಿರ್ಣಾಯಕರನ್ನೇ ಒಲಿಸಿಕೊಳ್ಳಬೇಕು. ನಾನು ಓಡಿಹೋಗಿ ಅವರನ್ನು ವೇದಿಕೆಗೆ ಕರೆತಂದು, ಜನರಿಗೆ ಮುಖಮಾಡಿ ನಿಲ್ಲಿಸಿದೆ.

"ಹೆದರಬೇಡಿ ಅಣ್ಣ, ನಿಮ್ಮ ಪಡುಬದಿಯ ಹೆಗಲು ನನಗೆ ನೆನಪುಂಟು. ಅದನ್ನು ಮುಟ್ಟುವುದೇ ಇಲ್ಲ."

"ಏ, ನಿಲ್ಲು" ಎಂದು ಅಶ್ವಿನಿ ಕೂಗುವಷ್ಟರಲ್ಲಿ ನಾನು ಅವರ ಮೂಡುಬದಿಯ ಕೈ ಹಿಡಿದು, ಪಕ್ಕಕ್ಕೆ, ಉತ್ಸಾಹದಿಂದ ಎತ್ತಿದೆ.

ಅಳೆದು ತೂಗಿ ಮಾತಾಡುವವರು ಎಂದೆನಲ್ಲ. ಆ ಕೂಗು ಅಷ್ಟು ದೂರದ ಫರಂಗಿಪೇಟೆಯ ಹೆದ್ದಾರಿಯಲ್ಲಿ ಹೋಗುವ ಲಾರಿಯವನಿಗೂ ಕೇಳಿ, ಅವನು ಬದಿಗೆ ಸರಿದಿರಬೇಕು!

"ನಾನು ತಿರುಗಿದರೆ ನನ್ನ ಹೆಗಲೂ ತಿರುಗುತ್ತದಲ್ಲ ಮಾರಾಯ!" ಎಂದರು, ಉಸಿರು ಬಂದ ಮೇಲೆ.

ಒಂದೇ ವಾಕ್ಯ. ಎರಡು ಹೆಜ್ಜೆ ಹಿಂದೆ ಸರಿದೆ.

ಅಶ್ವಿನಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಮೆತ್ತಗೆ ಆಸರೆ ಕೊಟ್ಟು, ಹೆಗಲನ್ನು ಬೆರಳ ತುದಿಯಲ್ಲಿ ನೋಡುತ್ತ ನೋವು ಇಳಿಯುವವರೆಗೆ ಪಕ್ಕದಲ್ಲೇ ನಿಂತಳು. ಆಮೇಲೆ ಮೈಕ್ ತೆಗೆದುಕೊಂಡಳು. ಈ ಸಲ ಕೊಟ್ಟೆ. ಜನರಿಗೆ ಬೆನ್ನು ಹಾಕಿ, ಅವರು ನೋಡುವ ಕಡೆಗೇ ತಾನೂ ಮುಖಮಾಡಿ, ಅದೇ ಸೋಡಾ ಮುಗಿದ ನಿಲುವಿನಲ್ಲಿ ನಿಂತಳು. "ಎಲ್ಲರೂ ಹೀಗೆ ನಿಲ್ಲುವ. ಅಂಗೈ ಮುಂದಕ್ಕೆ. ಬಲ ಅಂದರೆ ನಿಮ್ಮ ಬಲ, ನೋಡುವವರದ್ದಲ್ಲ. ತಲೆಯ ಕಡೆಗೆ ಮೇಲೆ, ಪಾದದ ಕಡೆಗೆ ಕೆಳಗೆ. ಆಮೇಲೆ ನೀವು ಮಲಗಿ, ಮಗುಚಿ, ಬಸ್ಸಿನಲ್ಲಿ ನೇತಾಡಿ. ಈ ಹೆಸರು ಬದಲಾಗುವುದಿಲ್ಲ. ದಿಕ್ಕು ಊರಿನದ್ದಲ್ಲ, ನಿಮ್ಮ ಮೈಯದ್ದು."

ನಾನು ಬೆರಗಾದೆ. ಚರ್ಚೆಯ ಮೊದಲ ನಿಯಮವೇ ಇದು: ವಾದಕ್ಕೆ ಮುನ್ನ ಪದಗಳ ಅರ್ಥ ಗೊತ್ತುಮಾಡಿಕೊಳ್ಳಬೇಕು. ಜಗತ್ತಿನ ಸಕಲ ಮೈಗಳ ಪರವಾಗಿ ಯಾರೋ ಪುಣ್ಯಾತ್ಮರು ಒಂದು ನಿಲುವನ್ನು ಒಪ್ಪಿಕೊಂಡು, ಎಲ್ಲ ತಕರಾರನ್ನೂ ಹುಟ್ಟುವ ಮೊದಲೇ ಮುಗಿಸಿದ್ದಾರೆ! ಇಷ್ಟು ಅಚ್ಚುಕಟ್ಟಾದ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಸಭೆ ಮತ್ತೆ ಮಲಗಿತು, ಎದ್ದಿತು, ತಿರುಗಿತು. ಒಂದು ಕನ್ನಡಕವೂ ಬೀಳಲಿಲ್ಲ.

ಕೊನೆಗೆ ಜಿನರಾಜಣ್ಣ ಎದ್ದರು. "ಹಾಲ್ ಕೊಡುವ. ವಾರಕ್ಕೆ ಎರಡು ದಿನ. ನನ್ನ ಹೆಗಲೂ ನೀವೇ ನೋಡಬೇಕು ಡಾಕ್ಟ್ರೇ." ನನ್ನ ಕಡೆ ತಿರುಗಿದರು, ಹೆಗಲೂ ಜೊತೆಗೇ ತಿರುಗಿತು. "ಒಂದು ಶರತ್ತು ಉಂಟು. ಇವರು ಹೊರಗೆ."

ಹಾಗಾಗಿ ಈಗ ತರಗತಿಯ ದಿನ ನಾನು ಸಭಾಭವನದ ಮೆಟ್ಟಿಲಲ್ಲಿ ಕುಳಿತು, ನಾಯಿಗಳು ಕಚ್ಚಿಕೊಂಡು ಹೋಗದಂತೆ ಚಪ್ಪಲಿ ಕಾಯುತ್ತೇನೆ. ಮೊನ್ನೆ ಬೇಸರಕ್ಕೆ ಗುಲಾಬಿಯಕ್ಕನ ಎಡಚಪ್ಪಲಿ ತೆಗೆದು ಮೂಡಕ್ಕೆ ತಿರುಗಿಸಿದೆ. ಎಡವೇ. ಪಡುವಕ್ಕೆ ತಿರುಗಿಸಿದೆ. ಎಡವೇ. ಮಗುಚಿ ಹಾಕಿದೆ. ಆಗಲೂ ಎಡವೇ!

ಇಷ್ಟೆಲ್ಲ ಕಪ್ ಗೆದ್ದವನಿಗೆ ಹೊಳೆಯದ್ದು ಚಪ್ಪಲಿಗೆ ಗೊತ್ತಿತ್ತು. ಅದೂ ಬಾಯಿಲ್ಲದ ಚಪ್ಪಲಿಗೆ.