ಹನ್ನೆರಡು ಸಾವಿರ ಕಿಲೋಮೀಟರ್, ಮೂರು ನಿಮಿಷ

ಶೇಷಗಿರಿರಾಯರು ಉಪ್ಪಿಟ್ಟಿನ ತಾಟನ್ನು ಅಡುಗೆಮನೆಯಲ್ಲಿಟ್ಟು ಗುಂಡಿ ಒತ್ತಿದರು. ತಾಟು ನಡುಮನೆಯನ್ನು ಹಾಯದೆ ನೇರ ಹೊರಗಿನ ಕಟ್ಟೆಯ ಮೇಲೆ ಬಂದು ಕೂತಿತು. ಸಾಸಿವೆ ಮಾತ್ರ ಒಲೆಯ ಹತ್ತಿರವೇ ಉಳಿದಿತ್ತು.

"ನೋಡಿದೇನು? ಹಾದಿನುಂಗಿ!" ಎಂದರು. ತಕ್ಕಡಿ ರಿಪೇರಿಯಲ್ಲಿ ಆಯುಷ್ಯ ಕಳೆದ ಮನುಷ್ಯ, ಈಗ ಹುಬ್ಬಳ್ಳಿಯ ಓಣಿಯಲ್ಲಿ ಕೂತು ಜಗತ್ತನ್ನೇ ತೂಗಲು ಹೊರಟಿದ್ದರು. "ಹೊರಡೋ ಜಾಗ, ಮುಟ್ಟೋ ಜಾಗ ಎರಡೇ ಉಳೀತಾವ. ನಡುವಿನ ಹಾದಿ ಇದು ನುಂಗ್ತದ."

"ನುಂಗಿದ ಹೊತ್ತು ಎಲ್ಲಿ ಹೋಗ್ತದ್ರೀ?" ಹೆಂಡತಿ ಸುಂದರಾಬಾಯಿ ಕೇಳಿದಳು.

"ಎಲ್ಲ್ಯಾರೆ ಹೋಗ್ತದ, ನಿನಗ್ಯಾಕ?"

ಅಷ್ಟರಲ್ಲಿ ಆಕ್ಲೆಂಡಿನಿಂದ ಫೋನು ಬಂತು. ಸುಂದರಾಬಾಯಿಯ ಅಕ್ಕ ಅಂಬಕ್ಕನ ಮಗಳು ವೈಜಯಂತಿ ಅಳುತ್ತಿದ್ದಳು. "ಅವ್ವ ರವಿವಾರ ದಾಟೂದಿಲ್ಲಂತ, ಮೌಶಿ. ನಿನ್ನ ಹೆಸರೇ ತಗೋತಾಳ. ಇವತ್ತಿನ ವಿಮಾನಾನೇ ಹಿಡಿ."

ವೀಸಾ ಇತ್ತು, ಟಿಕೆಟ್ಟೂ ಇತ್ತು. ಸುಮಾರು ಹನ್ನೆರಡು ಸಾವಿರ ಕಿಲೋಮೀಟರ್, ಮೂರು ವಿಮಾನ, ಮೂವತ್ತು ತಾಸು. ರಾಯರು ನಕ್ಕರು. "ಮೂರು ನಿಮಿಷದ ಕೆಲಸಕ್ಕ ಮೂವತ್ತು ತಾಸು ಯಾಕ? ಯಂತ್ರ ಚಾರ್ಜ್ ಆಗಲಿ, ನಾಳೆ ಒಂಬತ್ತಕ್ಕ ಹೋಗೀಯಂತ."

ಸುಂದರಾಬಾಯಿ ಟಿಕೆಟ್ ರದ್ದು ಮಾಡಿಸಿದಳು. ಮೂವತ್ತೆಂಟು ವರ್ಷ ಗಂಡನ ಮಾತು ಕೇಳಿ ಕೆಟ್ಟವಳು, ಇನ್ನೊಮ್ಮೆ ಕೇಳಿದಳು.

ಆದರೆ ನಾಳೆ ಶನಿವಾರ. ಶನಿವಾರ ಮೂಡಣಕ್ಕೆ ಹೊರಡಬಾರದು. ಅದಕ್ಕೆ ಶುಕ್ರವಾರವೇ ಒಳ್ಳೆಯ ಹೊತ್ತು ನೋಡಿ ಪ್ರಸ್ಥಾನ ಇಟ್ಟಳು: ತನ್ನದೊಂದು ಇಳಕಲ್ ಸೀರೆ, ಒಂದು ಅಡಿಕೆ ಚೀಲಕ್ಕೆ ಹಾಕಿ ಪಕ್ಕದ ಮನೆ ಕುಸುಮಾಬಾಯಿಯ ಪಡಸಾಲೆಯಲ್ಲಿಟ್ಟು ಬಂದಳು. ಚೀಲ ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದ ಹಾಗೆ; ಮನುಷ್ಯರು ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ.

ರಾಯರ ಮನೆಯಲ್ಲೇ ಹುಟ್ಟಿದ ಯಂತ್ರ, ಅದೂ ಹಾಗೇ ತಿಳಿಯಿತು.

ಶನಿವಾರ ಒಂಬತ್ತಕ್ಕೆ ಗುಂಡಿ ಒತ್ತಿದರೆ ಸುಂದರಾಬಾಯಿ ನಿಂತಲ್ಲೇ ನಿಂತಿದ್ದಳು. "ಸುಂದ್ರಕ್ಕಾ, ಚೀಲ ಮಾಯ ಆಗ್ಯದ!" ಎಂದು ಕುಸುಮಾಬಾಯಿ ತನ್ನ ಬಾಗಿಲಿನಿಂದ ಕೂಗಿದಳು. ಇವಳು ಗಾಬರಿಯಾಗಿ ಅತ್ತ ನಡೆದಳು. ಹತ್ತು ಹೆಜ್ಜೆಯ ದಾರಿ. ಇಪ್ಪತ್ತು ಇಟ್ಟಳು, ನೂರು ಇಟ್ಟಳು. ಕುಸುಮಾಬಾಯಿಯ ಬಾಗಿಲು ಇದ್ದಷ್ಟೇ ದೂರವಿತ್ತು.

ರಾಯರು ಕನ್ನಡಕ ಏರಿಸಿದರು. "ಯಂತ್ರ ಚೀಲಾನೇ ಪ್ರಯಾಣಿಕ ಅಂತ ತಿಳಕೊಂಡದ. ಅದು ನುಂಗಿದ ಮೂವತ್ತು ತಾಸು ನಿನ್ನ ಕಾಲಿಗೆ ಬಂದು ಬಿದ್ದಾವ."

"ತೆಗೀರಿ ಮತ್ತ."

"ತೆಗಿಯೋ ಗುಂಡಿ ಇನ್ನೂ ಮಾಡಿಲ್ಲ. ನಿಲ್ಲಬ್ಯಾಡ, ನಿಂತಷ್ಟು ಹೆಚ್ಚಾಗ್ತದ."

ಅವಳು ನಡೆದಳು. ರಾಯರು ನಿಂತಲ್ಲೇ ನಿಂತು ಅವಳಿಗೆ ಕೊಡೆ ಹಿಡಿದರು; ಅವರ ಪಾಲಿಗೆ ಅದು ಹತ್ತೇ ಹೆಜ್ಜೆ. ಮಧ್ಯಾಹ್ನ ವೈಜಯಂತಿಯ ಫೋನು ಬಂದಾಗ ಅವಳ ಕಿವಿಗೆ ಹಿಡಿದರು.

"ಮೌಶಿ, ಚೀಲ ಅವ್ವನ ಹಾಸಿಗೆ ಮ್ಯಾಲೆ ಬಂದು ಬಿತ್ತು. ನೀ ಎಲ್ಲಿದ್ದೀ?"

"ಹಾದಿಯೊಳಗಿದ್ದೀನವಾ."

"ನಿನ್ನ ಸೀರಿ ಮಾರಿಗೆ ಹಿಡಕೊಂಡಾಳ. ಸುಂದ್ರಿ ಬಂದ್ಲೇನು ಅಂತ ಕೇಳಿದ್ಲು. ಬಂದಾಳ, ಹೊರಗ ಕೈಕಾಲು ತೊಳ್ಕೊಳಿಕತ್ತಾಳ ಅಂದೆ."

ಸುಂದರಾಬಾಯಿ ಅಳುತ್ತಲೇ ನಡೆದಳು.

ರವಿವಾರ ಮಧ್ಯಾಹ್ನ ಮೂರಕ್ಕೆ ಅವಳ ಕಾಲು ಕುಸುಮಾಬಾಯಿಯ ಮೆಟ್ಟಿಲು ಮುಟ್ಟಿತು. ಅಂಬಕ್ಕ ಹೋಗಿ ಆಗಲೇ ಆರು ತಾಸಾಗಿತ್ತು.

ರಾಯರು ಕೊಡೆ ಮಡಚಿ, "ತಪ್ಪು ಎಲ್ಲಾತು ಅಂತ ತಿಳೀತು. ಮುಂದಿನ ಸಲ ಹಿಂಗಾಗೂದಿಲ್ಲ" ಎಂದರು.

ಸುಂದರಾಬಾಯಿ ಬಾತುಕೊಂಡ ಕಾಲು ನೀವಿಕೊಂಡಳು. "ಮುಂದಿನ ಸಲ ಸಾಯಲಿಕ್ಕೆ ನನಗ ಇನ್ನೊಬ್ಬಾಕಿ ಅಕ್ಕ ಇಲ್ರೀ."